ಚಳಿಯಲ್ಲಿ ಪಿಸ್ತೂಲು ಅಭ್ಯಾಸಕ್ಕೆ ಎಂಥ ಗ್ಲೌಸ್ ಕೊಳ್ಳಬೇಕು?

ಅಮೆರಿಕದ ಮಿನ್ನೆಸೋಟಕ್ಕೆ ಬಂದು ಎರಡನೇ ಚಳಿಗಾಲ, ಕೈಯಲ್ಲಿರುವುದು 9 ಎಂಎಂ ಗ್ಲಾಕ್ ಪಿಸ್ತೂಲು, ಬಯಲು ರೇಂಜಿನಲ್ಲಿ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಬಯಲಿನಲ್ಲಿ, ಹತ್ತೇ ನಿಮಿಷಕ್ಕೆ ಬೆರಳು ಮರಗಟ್ಟುತ್ತವೆ, ಸ್ಕೀ ಮಾಡುವವರ ದಪ್ಪ ಗ್ಲೌಸ್ ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಳ್ಳಬೇಡಿ. ಕೊಂಡಾಗಿದ್ದರೆ ಹಿಮ ಗೋರುವಾಗ ಹಾಕಿಕೊಳ್ಳಿ, ಪಿಸ್ತೂಲು ಹಿಡಿಯುವಾಗ ಬೇಡ.

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ಕೈಲ್ ಮುಹೂರ್ತಕ್ಕೆ ಕೋವಿಗೆ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವಾಗ ಮಳೆಯೊಂದೇ ಕಾಟ. ಚಳಿಗೆ ಬೆರಳು ಹೇಳಿದ ಮಾತು ಕೇಳದೆ ಹೋಗುವುದೆಂದರೆ ಏನೆಂದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆಯೇ. ನಾನೂ ಮೊದಲ ವರ್ಷ ನೀವು ಕೇಳಿದಂಥ ದಪ್ಪ ಗ್ಲೌಸನ್ನೇ ಕೊಂಡಿದ್ದೆ. ಜನವರಿಯ ಒಂದು ಬೆಳಿಗ್ಗೆ, ಸೊನ್ನೆಗಿಂತ 16 ಡಿಗ್ರಿ ಕೆಳಗೆ. ಮೊದಲ ಗುಂಡು ಹೊಡೆದೆ, ಗುರಿಗೆ ಬಿತ್ತು. ಬೆರಳು ಸಡಿಲಿಸಿದೆ ಅಂದುಕೊಂಡೆ. ಅಷ್ಟರಲ್ಲಿ ಎರಡನೇ ಗುಂಡು ಹಾರಿತು. ಅದು ಹಲಗೆಯ ಕೆಳಗೆ ಮಣ್ಣಿನ ದಿಬ್ಬಕ್ಕೆ ಹೋಗಿ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ಪಿಸ್ತೂಲು ಕೆಳಗಿಡಿಸಿ, ನನ್ನ ಗ್ಲೌಸಿನ ತೋರುಬೆರಳನ್ನು ಒಳಹೊರಗು ಮಾಡಿ ತೋರಿಸಿದರು. ಬೆರಳ ತುದಿಗೆ ಸರಿಯಾಗಿ, ಟ್ರಿಗರ್ ತಾಗುವ ಜಾಗದಲ್ಲೇ, ಹಗ್ಗದಂಥ ದಪ್ಪ ಹೊಲಿಗೆ. ಅದರಾಚೆ ಅರ್ಧ ಇಂಚು ಖಾಲಿ ಬಟ್ಟೆ. ನಾನು ಬೆರಳು ಸಡಿಲಿಸಿದಾಗ ಟ್ರಿಗರ್ ಮುಂದೆ ಬಂದಿತ್ತು, ಗ್ಲೌಸಿನ ಬೆರಳು ಅದನ್ನು ಮತ್ತೆ ಒತ್ತಿಬಿಟ್ಟಿತ್ತು.

ಹಾಗಾಗಿ ಬೆಚ್ಚಗಿರುತ್ತದೆಯೇ ಎಂಬುದಕ್ಕಿಂತ ಮೊದಲು, ಟ್ರಿಗರ್ ಬೆರಳಿಗೆ ಏನಾದರೂ ತಿಳಿಯುತ್ತದೆಯೇ ಎಂದು ನೋಡಿ. ಗ್ಲಾಕಿನ ಟ್ರಿಗರ್ ನಡುವೆ ಒಂದು ಪುಟ್ಟ ಪಟ್ಟಿ ಇದೆಯಲ್ಲ, ಅದನ್ನು ಒತ್ತದೆ ಟ್ರಿಗರ್ ಹಿಂದೆ ಹೋಗುವುದಿಲ್ಲ. ಸಾಮಾನ್ಯ ಮಾದರಿಗಳಲ್ಲಿ ಹೆಬ್ಬೆರಳಿಂದ ಹಾಕುವ ಬೇರೆ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಕೀಲಿ, ಇಲ್ಲ. ಬೆರಳೇ ಆಗಲಿ, ಗ್ಲೌಸಿನ ಮಡಿಕೆಯೇ ಆಗಲಿ, ಆ ಪಟ್ಟಿಗೆ ಎರಡೂ ಒಂದೇ. ಒಂದು ಗುಂಡು ಹಾರಿದ ಮೇಲೆ ಟ್ರಿಗರ್ ಮುಂದೆ ಬಂದು ಟಿಕ್ ಎಂದು ಕೂರಬೇಕು. ಆಗಲೇ ಮುಂದಿನ ಗುಂಡಿಗೆ ಅದು ಸಿದ್ಧ. ಬರಿಗೈಯಲ್ಲಿ ಆ ಟಿಕ್ ಸ್ಪಷ್ಟ. ಹತ್ತಿ ತುಂಬಿದ ಗ್ಲೌಸಿನಲ್ಲಿ ಏನೂ ತಿಳಿಯುವುದಿಲ್ಲ. ಟ್ರಿಗರ್ ಪೂರ್ತಿ ಮುಂದೆ ಬಾರದೆ ಸತ್ತಂತಾಗಬಹುದು, ಇಲ್ಲವೇ ನನಗಾದಂತೆ ಆಗಬಹುದು.

ಇದಕ್ಕಿಂತ ಅಪಾಯ ಪಿಸ್ತೂಲನ್ನು ಹೋಲ್‌ಸ್ಟರಿಗೆ, ಅಂದರೆ ಸೊಂಟಕ್ಕೆ ಕಟ್ಟಿಕೊಳ್ಳುವ ಪಿಸ್ತೂಲಿನ ಒರೆಗೆ, ಇಳಿಸುವ ಹೊತ್ತು. ಮಣಿಕಟ್ಟಿನ ಪಟ್ಟಿ, ದಾರ, ಸಡಿಲ ಬೆರಳ ತುದಿ, ಯಾವುದು ಟ್ರಿಗರ್ ಗಾರ್ಡಿನೊಳಗೆ (ಟ್ರಿಗರ್ ಸುತ್ತಲಿನ ಬಳೆಯೊಳಗೆ) ನುಸುಳಿದರೂ ಹೋಲ್‌ಸ್ಟರಿನ ಅಂಚು ಅದನ್ನು ಟ್ರಿಗರಿಗೆ ಒತ್ತುತ್ತದೆ. ಪಿಸ್ತೂಲಿನ ಮೂತಿ ಆಗ ನಿಮ್ಮ ತೊಡೆಯ ಕಡೆಗೇ ಇರುತ್ತದೆ. ಚಳಿಗಾಲದಲ್ಲಿ ನಾನು ಕಣ್ಣಿಟ್ಟು ನೋಡಿ, ನಿಧಾನಕ್ಕೆ ಇಳಿಸುತ್ತೇನೆ. ಒಂದಿಷ್ಟು ತಡೆದಂತೆ ಅನಿಸಿದರೂ ನಿಲ್ಲಿಸಿ, ಹೊರತೆಗೆದು ನೋಡುತ್ತೇನೆ. ಇದರಲ್ಲಿ ಅವಸರ ಮಾಡಲೇಬೇಡಿ. ಹೊಸಬರಾದರೆ ಚಳಿಗಾಲ ಮುಗಿಯುವ ತನಕ ಹೋಲ್‌ಸ್ಟರ್ ಬಿಟ್ಟು ಮೇಜಿನ ಮೇಲಿಂದಲೇ ಅಭ್ಯಾಸ ಮಾಡಿ ಎನ್ನುವುದು ನನ್ನ ಸಲಹೆ.

ಇನ್ನು ಕೊಳ್ಳುವ ವಿಚಾರ. ಬಲಗೈ ಅಂಗೈಯನ್ನು, ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಸುತ್ತ ಟೇಪಿನಿಂದ ಅಳೆಯಿರಿ. 8 ಇಂಚು ಬಂದರೆ ಸಾಮಾನ್ಯವಾಗಿ ಮೀಡಿಯಂ, 9 ಬಂದರೆ ಲಾರ್ಜ್. ಎರಡು ಅಳತೆಯ ನಡುವೆ ಬಂದರೆ ಚಿಕ್ಕದನ್ನೇ ತಗೊಳ್ಳಿ, ಆದರೆ ರಕ್ತ ಓಡದಷ್ಟು ಬಿಗಿ ಬೇಡ, ಬಿಗಿ ಗ್ಲೌಸಿನಲ್ಲಿ ಕೈ ಇನ್ನೂ ಬೇಗ ತಣ್ಣಗಾಗುತ್ತದೆ. ಬೆರಳ ತುದಿಯಲ್ಲಿ ಖಾಲಿ ಜಾಗ ಇರಬಾರದು. ತುದಿಯ ಹೊಲಿಗೆ ಬೆರಳಿನ ಬದಿಗೋ ಉಗುರಿನ ಕಡೆಗೋ ಇರಬೇಕು. ಅಂಗೈ ಭಾಗ ತೆಳುವಾದ ಮೇಕೆ ಚರ್ಮ ಅಥವಾ ಜಿಂಕೆ ಚರ್ಮದ್ದಾದರೆ ಒಳ್ಳೆಯದು. ತೆಳುವಾದ ಕೃತಕ ಚರ್ಮವೂ ನಡೆಯುತ್ತದೆ. ಉಣ್ಣೆಯ ಹೆಣಿಗೆಯ ಗ್ಲೌಸ್ ಪ್ಲಾಸ್ಟಿಕ್ ಹಿಡಿಯ ಮೇಲೆ ಜಾರುತ್ತದೆ, ಅದನ್ನು ಹೊರಗಿನ ಪದರವಾಗಿ ಬಳಸಬೇಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಟ್ಟೆ ಜೋಲುತ್ತಿದೆಯೇ ಎಂದೂ ನೋಡಿ, ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ, ಹಿಂದೆ ಬಂದಾಗ ಅದನ್ನು ಕಚ್ಚಿ ಹಿಡಿಯುತ್ತದೆ, ಪಿಸ್ತೂಲು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಥಿನ್ಸುಲೇಟ್ (ಚಳಿ ತಡೆಯುವ ಒಳಹೊದಿಕೆ) 40 ಗ್ರಾಮ್, 100 ಗ್ರಾಮ್ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಅದು ಗ್ಲೌಸಿನ ತೂಕವಲ್ಲ, ಒಳಗಿನ ಹೊದಿಕೆ ಚದರ ಮೀಟರಿಗೆ ಎಷ್ಟು ಗ್ರಾಮ್ ಎಂಬ ಲೆಕ್ಕ. (ಇದನ್ನು ತಯಾರಿಸುವ 3ಎಂ ಕಂಪನಿ ನಿಮ್ಮ ಮಿನ್ನೆಸೋಟದ್ದೇ, ಮೇಪಲ್‌ವುಡ್‌ನಲ್ಲಿದೆ.) ಪಿಸ್ತೂಲಿಗೆ 40 ದಾಟಬೇಡಿ, ಅದೂ ಕೈ ಹಿಂಭಾಗದಲ್ಲಿ ಮಾತ್ರ ಇದ್ದು ಅಂಗೈ ತೆಳ್ಳಗಿದ್ದರೆ ಉತ್ತಮ. ಅಂಗಡಿಗೆ ಪಿಸ್ತೂಲು ಒಯ್ಯಲಾಗದು, ಆದ್ದರಿಂದ ನಾನು ಜೇಬಿನಲ್ಲಿ ಒಂದು ಡೈಮ್, ಅಂದರೆ ಹತ್ತು ಸೆಂಟಿನ ಪುಟ್ಟ ನಾಣ್ಯ, ಇಟ್ಟುಕೊಂಡು ಹೋಗುತ್ತೇನೆ. ಗ್ಲೌಸ್ ಹಾಕಿಕೊಂಡು ಅದನ್ನು ಗಾಜಿನ ಮೇಜಿನಿಂದ ಎತ್ತಲು ಬಂದರೆ ಮಾತ್ರ ಕೊಳ್ಳುತ್ತೇನೆ.

ಅಷ್ಟು ತೆಳುವಾದರೆ ಚಳಿ ತಡೆಯುವುದು ಹೇಗೆ ಎನ್ನುತ್ತೀರಿ. ತಡೆಯುವುದಿಲ್ಲ. ಬೆಚ್ಚಗಿಡುವ ಕೆಲಸವನ್ನು ಬೇರೆಯದಕ್ಕೆ ಒಪ್ಪಿಸಿ. ನಾನು ತೆಳು ಗ್ಲೌಸಿನ ಮೇಲೆ ಅಗಲವಾದ ಮಿಟನ್, ಅಂದರೆ ನಾಲ್ಕೂ ಬೆರಳು ಒಟ್ಟಿಗೇ ಇರುವ ದಪ್ಪ ಗವಸು, ಹಾಕಿಕೊಂಡಿರುತ್ತೇನೆ. ಹೊಡೆಯುವ ಹೊತ್ತಿಗೆ ಅದನ್ನು ತೆಗೆದು ಮೇಜಿನ ಮೇಲಿಡುತ್ತೇನೆ, ಒಂದು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಮುಗಿದು ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟ ಮೇಲೆ ಮತ್ತೆ ಹಾಕಿಕೊಳ್ಳುತ್ತೇನೆ. ಮಿಟನ್ ಒಳಗೆ ಕೈ ಬಿಸಿ ಮಾಡುವ ಪೊಟ್ಟಣ ಇಡಿ. ಅದರಲ್ಲಿರುವುದು ಕಬ್ಬಿಣದ ಪುಡಿ, ಗಾಳಿ ತಾಗಿ ತುಕ್ಕು ಹಿಡಿಯುವಾಗ ಬರುವ ಶಾಖ ಅದು. ಬರಿ ಚರ್ಮಕ್ಕೆ ತಾಗಿಸಬೇಡಿ, ಸುಡುತ್ತದೆ. ಅಮೆರಿಕನ್ ಫುಟ್‌ಬಾಲ್ ಆಟಗಾರರು ಸೊಂಟಕ್ಕೆ ಕಟ್ಟಿಕೊಳ್ಳುವ ಎರಡೂ ಕಡೆ ತೆರೆದ ಚೀಲ ಇನ್ನೂ ಅನುಕೂಲ, ಆದರೆ ಸೊಂಟದಲ್ಲಿ ಹೋಲ್‌ಸ್ಟರ್ ಇದ್ದರೆ ಅಡ್ಡ ಬರುತ್ತದೆ.

ಬೆರಳ ಚರ್ಮ 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಕೈಚಳಕ ಕುಗ್ಗತೊಡಗುತ್ತದೆ. ಅಂಗಿಯ ಗುಂಡಿ ಹಾಕಲು ತಡವರಿಸುವ ಕೈಗೆ ಪಿಸ್ತೂಲು ಕೊಡಬಾರದು, ಆಗ ಒಳಗೆ ಹೋಗಿ. ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿನ ಹವಾಮಾನ ಸೇವೆಯ ಪಟ್ಟಿಯಂತೆ ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ಗಾಳಿ ಇದ್ದರೆ ಚರ್ಮಕ್ಕೆ ಅದು ಮೈನಸ್ 28ರಂತೆ, ಬರಿ ಚರ್ಮ 30 ನಿಮಿಷದಲ್ಲಿ ಹೆಪ್ಪುಗಟ್ಟಿ ಹಾಳಾಗಬಹುದು. ಆ ದಿನಗಳಲ್ಲಿ ನಾನು ರೇಂಜಿಗೆ ಹೋಗುವುದೇ ಇಲ್ಲ.

ಗ್ಲೌಸ್ ಬಂದ ಮೇಲೆ ನೇರ ರೇಂಜಿಗೆ ಹೋಗಬೇಡಿ. ಮನೆಯಲ್ಲಿ ಮ್ಯಾಗಜಿನ್ ತೆಗೆದು, ಸ್ಲೈಡ್ ಹಿಂದೆಳೆದು, ಚೇಂಬರನ್ನು (ಹಾರಲು ಸಿದ್ಧವಾದ ಗುಂಡು ಕೂರುವ ಜಾಗವನ್ನು) ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸಿ, ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಒಂದು ವಾರ ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿ. ಮ್ಯಾಗಜಿನ್ ಬಿಡಿಸುವ ಗುಂಡಿ ತಾನಾಗಿ ಒತ್ತಿಕೊಳ್ಳುತ್ತದೆಯೇ, ಹೆಬ್ಬೆರಳು ಸ್ಲೈಡ್ ಸ್ಟಾಪಿನ (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸನ್ನೆಯ) ಮೇಲೆ ಕೂತುಬಿಡುತ್ತದೆಯೇ ಎಂದು ಗಮನಿಸಿ. ಸ್ಲೈಡನ್ನು ಎರಡು ಬೆರಳಲ್ಲಿ ಚಿವುಟಿ ಎಳೆಯುವ ಅಭ್ಯಾಸವಿದ್ದರೆ ಬಿಡಿ, ಅಂಗೈ ಪೂರ್ತಿ ಮೇಲಿಟ್ಟು ಹಿಡಿದು ಎಳೆಯಿರಿ.

ಈ ಗ್ಲೌಸನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಗುಂಡಿನ ಸೀಸ, ಮಸಿ ಎಲ್ಲ ಅದರ ಅಂಗೈಯಲ್ಲಿ ಮೆತ್ತಿಕೊಂಡಿರುತ್ತದೆ. ಅದೇ ಕೈಯಲ್ಲಿ ತಿಂಡಿ ಮುಟ್ಟಬಾರದು, ಮಗುವನ್ನು ಎತ್ತಿಕೊಳ್ಳಬಾರದು. ನಾನು ಅದನ್ನು ಮುಚ್ಚಿದ ಚೀಲದಲ್ಲಿ ಕಾರಿನ ಡಿಕ್ಕಿಯಲ್ಲೇ ಇಡುತ್ತೇನೆ, ಮನೆಯೊಳಗೆ ತರುವುದಿಲ್ಲ.

ಇದನ್ನು ಓದುವ ಉಳಿದ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಗೆಳೆಯರೊಂದಿಗೆ ರೇಂಜಿಗೆ ಹೊರಡುವ ಮುನ್ನವೇ ವಕೀಲರನ್ನು ಕೇಳಿಕೊಳ್ಳಿ.

ನಿಮ್ಮ ಅಂಗೈ ಅಳತೆ ಮತ್ತು ಗ್ಲಾಕಿನ ಮಾದರಿ ಇಲ್ಲಿ ಬರೆಯಿರಿ. ನನ್ನ ಹತ್ತಿರ ಮೇಕೆ ಚರ್ಮದ್ದೂ ಕೃತಕ ಚರ್ಮದ್ದೂ ಇವೆ, ನಿಮ್ಮ ಕೈಗೆ ಯಾವುದು ಹೊಂದಬಹುದೆಂದು ನೋಡಿ ಹೇಳುತ್ತೇನೆ.