ತಿರುವಿನಲ್ಲಿ ಸೈಡ್ ಕೊಡಬೇಡಿ

ಕುಶಾಲನಗರದಿಂದ ಮಡಿಕೇರಿಗೆ ದಿನಾ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗಬೇಕು, ಹಿಂದಿನ ವಾಹನದವರಿಗೆ ತೊಂದರೆ ಆಗದ ಹಾಗೆ ಹೇಗೆ ಹೋಗಲಿ, ರಸ್ತೆಯ ತೀರಾ ಎಡ ಅಂಚಿನಲ್ಲೇ ಹೋದರೆ ಸಾಕಾ ಅಂತ ಕೇಳಿದ್ದೀರಿ. ಆ 'ತೊಂದರೆ ಆಗದ ಹಾಗೆ' ಅನ್ನುವ ಮಾತಿದೆಯಲ್ಲ, ಅದನ್ನು ಓದಿದ ಕೂಡಲೇ ನನ್ನ ಕೈ ಬಲ ಹೆಗಲಿನ ಮೇಲೆ ಹೋಯಿತು. ನಾನೂ ಹಾಗೇ ಅಂದುಕೊಂಡು ಸೈಕಲ್ ತುಳಿದವನು.

ನನ್ನ ಮನೆ ಸುಂಟಿಕೊಪ್ಪದಲ್ಲಿ. ಮಡಿಕೇರಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ನೀವು ಹೇಳಿದ ದಾರಿಯ ಮೇಲಿನ ಅರ್ಧ ನನ್ನ ದಾರಿ, ಸುಮಾರು 15 ಕಿಲೋಮೀಟರ್. ಬೆಳಗ್ಗೆ ಏರು, ಸಂಜೆ ಇಳಿಜಾರು. 2020ರಲ್ಲಿ ಲಾಕ್‌ಡೌನ್ ಆಗಿ ಬಸ್ಸು ನಿಂತಾಗ ತಮ್ಮನ ಹಳೇ ಗೇರ್ ಸೈಕಲ್ ಹೊರಗೆ ತೆಗೆದೆ. ಆಗ ರಸ್ತೆ ಖಾಲಿ. ಕೆದಕಲ್ ದಾಟಿದ ಮೇಲೆ ಸಿಲ್ವರ್ ಓಕ್ ಮರಗಳಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ನಾನು ಸೈಕಲ್ ಹೊಡೆಯುವುದನ್ನು ರೂಢಿ ಮಾಡಿಕೊಂಡದ್ದು ಆ ಖಾಲಿ ರಸ್ತೆಯಲ್ಲಿ. ಆಮೇಲೆ ವಾಹನಗಳು ವಾಪಸ್ ಬಂದವು. ಮೊದಲಿಗಿಂತ ಜಾಸ್ತಿಯೇ ಬಂದ ಹಾಗೆ ನನಗೆ ಕಾಣುತ್ತಿತ್ತು. ಹೋಮ್‌ಸ್ಟೇಗೆ ಹೋಗುವವರು, ತಲಕಾವೇರಿಗೆ ಹೋಗುವವರು, ಎಲ್ಲರಿಗೂ ಅವಸರ.

ನನಗೆ ಒಂದು ಸಂಕೋಚ ಇತ್ತು. ಏರಿನಲ್ಲಿ ನನ್ನ ವೇಗ ಗಂಟೆಗೆ 9 ಕಿಲೋಮೀಟರ್, ಮೈಯಲ್ಲಿ ಕಸುವಿದ್ದ ದಿನ 10. ಹಿಂದೆ ಒಂದು ಕಾರು ಬಂದು ನಿಧಾನ ಮಾಡಿದರೂ ಸಾಕು, ಅವರ ಹೊತ್ತು ಕದಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಹಾಗಾಗಿ ಬಿಳಿ ಗೆರೆಯ ಮೇಲೆ, ಕೆಲವೊಮ್ಮೆ ಗೆರೆಯ ಆಚೆಯೇ ತುಳಿಯುತ್ತಿದ್ದೆ. ಹಾರ್ನ್ ಕೇಳಿದರೆ ಬಲಗೈ ಚಾಚಿ 'ಹೋಗಿ, ಹೋಗಿ' ಅಂತ ಸೈಡ್ ಕೊಡುತ್ತಿದ್ದೆ. ಅವರೂ ಒಂದು ಸಣ್ಣ ಹಾರ್ನ್ ಹೊಡೆದು ಹೋಗುತ್ತಿದ್ದರು. ಒಳ್ಳೆಯ ಕೆಲಸ ಮಾಡಿದೆ ಅಂತ ಮನಸ್ಸಿಗೆ ಹಿತ ಆಗುತ್ತಿತ್ತು.

2021ರ ಡಿಸೆಂಬರ್, ಒಂದು ಶನಿವಾರ, ಬೆಳಗ್ಗೆ ಎಂಟೂಕಾಲು. ಬೋಯಿಕೇರಿ ದಾಟಿದ ಮೇಲಿನ ಒಂದು ಏರು. ರಸ್ತೆ ಎಡಕ್ಕೆ ತಿರುಗುತ್ತದೆ, ಎಡಗಡೆ ಎತ್ತರದ ಬರೆ, ಅಂದರೆ ಗೋಡೆಯ ಹಾಗೆ ನಿಂತ ಮಣ್ಣಿನ ದಿಣ್ಣೆ. ಆ ಬರೆಯಿಂದಾಗಿ ಮುಂದೆ ಏನು ಬರುತ್ತಿದೆ ಅಂತ ಕಾಣುವುದಿಲ್ಲ. ಹಿಂದೆ ಪ್ರವಾಸಿಗರ ಒಂದು ವ್ಯಾನ್. ಒಮ್ಮೆ ಹಾರ್ನ್ ಹೊಡೆದ, ಮತ್ತೆ ಹೊಡೆದ, ಮೂರನೇ ಸಲ ಉದ್ದಕ್ಕೆ ಒತ್ತಿ ಹಿಡಿದ. ನಾನು ಇನ್ನೂ ಎಡಕ್ಕೆ ಸರಿದು ಕೈ ಮಾಡಿದೆ. ಅವನು ಮುಂದೆ ಬಂದ. ವ್ಯಾನ್ ನನ್ನ ಪಕ್ಕ ಅರ್ಧ ಬಂದಾಗ ಎದುರಿನಿಂದ ಲಾರಿ ಇಳಿಯಿತು. ವ್ಯಾನಿನವನಿಗೆ ಎರಡೇ ದಾರಿ: ಲಾರಿ, ಇಲ್ಲವೇ ನಾನು. ಎಡಕ್ಕೆ ಎಳೆದ.

ಅಲ್ಲಿ ಹೊಸದಾಗಿ ಡಾಂಬರು ಹಾಕಿದ್ದರು. ಪಕ್ಕದ ಮಣ್ಣನ್ನು ಸಮ ಮಾಡಿರಲಿಲ್ಲ. ಡಾಂಬರಿನ ಅಂಚಿನಿಂದ ಮಣ್ಣಿಗೆ ನಾಲ್ಕು ಬೆರಳು ತಗ್ಗು. ಮುಂದಿನ ಚಕ್ರ ಅದಕ್ಕೆ ಇಳಿಯಿತು. ಸೈಕಲ್ ಚಕ್ರ ಹಾಗೆ ಇಳಿದರೆ ಓರೆಯಾಗಿ ಮತ್ತೆ ಮೇಲೆ ಹತ್ತುವುದಿಲ್ಲ. ಹ್ಯಾಂಡಲ್ ಬಲಕ್ಕೆ ತಿರುಗಿಸುತ್ತೀರಿ, ಟಯರ್ ಅಂಚಿಗೆ ಉಜ್ಜುತ್ತಾ ತಗ್ಗಿನಲ್ಲೇ ಓಡುತ್ತದೆ, ನಿಮ್ಮ ಮೈ ಮಾತ್ರ ಬಲಕ್ಕೆ ವಾಲುತ್ತದೆ. ಕೊನೆಗೆ ಬೀಳುವುದು ಚರಂಡಿಗಲ್ಲ, ರಸ್ತೆಗೆ. ನಾನು ಬಲ ಹೆಗಲ ಮೇಲೆ ಡಾಂಬರಿಗೆ ಬಿದ್ದೆ. ವ್ಯಾನಿನ ಹಿಂದಿನ ಚಕ್ರ ಆಗಷ್ಟೇ ದಾಟಿತ್ತು. ಅದರ ಹಿಂದೆ ಇನ್ನೊಂದು ಕಾರು ಇರಲಿಲ್ಲ. ಅಷ್ಟೇ ನನ್ನ ಅದೃಷ್ಟ.

ಕಾಫಿ ಕೊಯ್ಲಿಗೆ ಹೋಗುತ್ತಿದ್ದ ಒಬ್ಬ ಅಕ್ಕ ಓಡಿ ಬಂದರು. "ಏಳ್ಬೇಡಿ ಅಣ್ಣ, ಹಾಗೇ ಕೂತ್ಕೊಳ್ಳಿ" ಅಂತ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ನನ್ನ ಕೈಯನ್ನು ಎದೆಗೆ ಸೇರಿಸಿ ಕಟ್ಟಿದರು. ಆ ಟವೆಲ್‌ಗೆ ಕಾಫಿ ಹಣ್ಣಿನ ಸಿಹಿ ವಾಸನೆ ಇತ್ತು. ಬಲಗಡೆಯ ಕಾಲರ್ ಬೋನ್ ಮುರಿದಿತ್ತು. ಲೆಕ್ಕ ಬರೆಯುವವನ ಬಲಗೈ. ಏಳು ವಾರ ಕೆಲಸಕ್ಕೆ ಹೋಗಲಾಗಲಿಲ್ಲ, ಸಂಬಳ ಬರಲಿಲ್ಲ. ಮನೆಯವಳು ಅನ್ನ ಕಲಸಿ ಕೊಡುತ್ತಿದ್ದಳು.

ವ್ಯಾನಿನವನು ಓಡಿಹೋಗಲಿಲ್ಲ, ನಿಲ್ಲಿಸಿದ. ಇಳಿದು ಬಂದು ಮೊದಲು ಹೇಳಿದ ಮಾತು: "ನೀವೇ ಕೈ ಮಾಡಿದ್ರಲ್ಲಾ ಸಾರ್?"

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾಲ್ಕು ವರ್ಷದಿಂದ ತಲೆಯಲ್ಲಿ ಇರುವುದು ಇದೇ. ಡಾಂಬರಿನ ತಗ್ಗು ನನ್ನ ತಪ್ಪಲ್ಲ. ತಿರುವಿನಲ್ಲಿ ಓವರ್‌ಟೇಕ್ ಮಾಡಿದ್ದೂ ನನ್ನ ತಪ್ಪಲ್ಲ. ಮುಂದೆ ಕಾಣದ ತಿರುವಿನಲ್ಲಿ, ದಿಬ್ಬದಲ್ಲಿ ಓವರ್‌ಟೇಕ್ ಮಾಡಬಾರದು ಅಂತ ರಸ್ತೆ ನಿಯಮವೇ ಇದೆ. ನನ್ನ ತಪ್ಪು ಆ ಕೈ. ಹಿಂದಿನವರು ಮುಂದೆ ಹೋಗಬಹುದು ಅಂತ ಕೈ ಆಡಿಸುವುದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಸನ್ನೆ. ಅದನ್ನು ನೋಡಿದ ಡ್ರೈವರ್‌ಗೆ ಅರ್ಥವಾಗುವುದು ಒಂದೇ: ಮುಂದೆ ಖಾಲಿ ಇದೆ, ಇವನು ನೋಡಿದ್ದಾನೆ. ನಾನು ಎಲ್ಲಿ ನೋಡಿದ್ದೆ? ನನಗೂ ಬರೆಯೇ ಅಡ್ಡ. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿದ ಹಾಗಾಯಿತು. ಎರಡನೆಯದು, ಕೈ ಮಾಡಿದ ಹೊತ್ತಿನಲ್ಲಿ ಹ್ಯಾಂಡಲ್ ಮೇಲೆ ಇದ್ದದ್ದು ಒಂದೇ ಕೈ. ಏರಿನಲ್ಲಿ 9ರ ವೇಗದಲ್ಲಿ ಒಂದೇ ಕೈಯಲ್ಲಿ ಸೈಕಲ್ ನೇರ ನಿಲ್ಲುವುದಿಲ್ಲ, ಅತ್ತಿತ್ತ ಆಡುತ್ತದೆ. ಮೂರನೆಯದು, ಕೈ ಮಾಡುವ ಮೊದಲು ಎಡಕ್ಕೆ ಸರಿದಿದ್ದೆ. ನನಗೆ ಅಂತ ಉಳಿದಿದ್ದ ಒಂದಿಷ್ಟು ಜಾಗವನ್ನೂ ಅವನಿಗೆ ಕೊಟ್ಟುಬಿಟ್ಟಿದ್ದೆ. ಲಾರಿ ಬಂದಾಗ ನನಗೆ ಸರಿಯಲು ಏನೂ ಉಳಿದಿರಲಿಲ್ಲ.

ಅದು ಅಲ್ಲಿಗೇ ನಿಲ್ಲಲಿಲ್ಲ. ಸ್ಟೇಷನ್‌ನಲ್ಲೂ ಅವನು ಅದನ್ನೇ ಹೇಳಿದ, ನಾನು ಇಲ್ಲ ಅನ್ನಲಿಲ್ಲ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಕೈ ಮಾಡಿದ್ದು ನಿಜ ಅಂದರೆ ತಪ್ಪಿನಲ್ಲಿ ನಿಮಗೂ ಪಾಲು ಹಾಕುತ್ತಾರೆ, ಪರಿಹಾರದಲ್ಲಿ ಅಷ್ಟು ಕಡಿತ ಆಗುತ್ತದೆ ಅಂತ ವಕೀಲರೊಬ್ಬರು ಹೇಳಿದರು. ನೋವಿನಲ್ಲಿದ್ದೆ, ಓಡಾಟ ಸಾಕಾಗಿತ್ತು. ಸೈಕಲ್ ರಿಪೇರಿಗೆ ಮೂರು ಸಾವಿರ ತೆಗೆದುಕೊಂಡು ರಾಜಿ ಬರೆದುಕೊಟ್ಟೆ. ಎಡಗೈಯಲ್ಲಿ ಸಹಿ ಹಾಕಿದೆ.

ಈಗ ನಿಮ್ಮ ಪ್ರಶ್ನೆ. ತೀರಾ ಎಡ ಅಂಚು ಸಾಕಾ? ಬೇಡ. ಖಂಡಿತ ಬೇಡ. ಎಡಗಡೆ ಹೋಗಿ, ಆದರೆ ಅಂಚಿನಲ್ಲಿ ಅಲ್ಲ. ಎರಡು ಲೇನಿನ ಹೆದ್ದಾರಿಯಲ್ಲಿ ಒಂದು ಬದಿ ಸಾಮಾನ್ಯವಾಗಿ ಮೂರೂವರೆ ಮೀಟರ್. ನೀವು ಅಂಚಿಗೆ ಅಂಟಿಕೊಂಡರೆ ನಿಮ್ಮ ಬಲಕ್ಕೆ ಎರಡೂವರೆ ಮೀಟರಿನಷ್ಟು ಉಳಿಯುತ್ತದೆ. ವ್ಯಾನಿನ ಅಗಲ ಸುಮಾರು ಎರಡು. ಹಿಂದಿನವನ ಕಣ್ಣಿಗೆ ಅದು 'ಹಿಡಿಸುತ್ತೆ' ಅಂತ ಕಾಣುತ್ತದೆ. ವೇಗವನ್ನೂ ಕಮ್ಮಿ ಮಾಡದೆ ನುಗ್ಗುತ್ತಾನೆ. ಅದೇ ನೀವು ಅಂಚಿನಿಂದ ಒಂದು ಮೀಟರ್ ಒಳಗಿದ್ದರೆ, ತಿರುವಿನಲ್ಲಿ ನಿಮ್ಮ ಬದಿಯ ಮಧ್ಯದಲ್ಲೇ ಇದ್ದರೆ, ಹಿಡಿಸುವುದಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕಾಯುತ್ತಾನೆ. ಬೈಯಬಹುದು, ಆದರೆ ಕಾಯುತ್ತಾನೆ. ಅಂಚಿನ ತಗ್ಗು ನಿಮ್ಮಿಂದ ದೂರ ಇರುತ್ತದೆ, ಎಡಕ್ಕೆ ಸರಿಯಲು ನಿಮ್ಮ ಕೈಯಲ್ಲಿ ಒಂದಿಷ್ಟು ಜಾಗವೂ ಉಳಿದಿರುತ್ತದೆ.

ಜರ್ಮನಿಯಲ್ಲಿ 2020ರಿಂದ ಸೈಕಲ್ ದಾಟುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಬಿಡಬೇಕು ಅಂತ ಅಳತೆ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಅಂಥ ಅಳತೆಯ ಬಲ ಸಿಗುವುದಿಲ್ಲ. ಆ ಅಂತರವನ್ನು ನೀವು ನಿಂತ ಜಾಗದಿಂದಲೇ ಮಾಡಿಸಿಕೊಳ್ಳಬೇಕು.

ಇನ್ನು ತೊಂದರೆಯ ಮಾತು. ಒಂದು ತಿರುವು 200 ಮೀಟರ್ ಅಂತ ಇಟ್ಟುಕೊಳ್ಳಿ. 9ರ ವೇಗದಲ್ಲಿ ನಿಮಗೆ 80 ಸೆಕೆಂಡ್ ಬೇಕು. 40ರಲ್ಲಿ ಬರುವ ಕಾರಿಗೆ 18. ಹಿಂದಿನವನು ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ನಿಮಿಷ. ಅದೇ ಇನ್ನೊಂದು ಲೆಕ್ಕ ನೋಡಿ: ಎದುರಿನ ಲಾರಿ 40ರಲ್ಲಿ, ಮುಂದೆ ಬರುವ ವ್ಯಾನ್ 40ರಲ್ಲಿ ಅಂದರೆ ಇಬ್ಬರೂ ಸೆಕೆಂಡಿಗೆ 22 ಮೀಟರ್ ಹತ್ತಿರ ಆಗುತ್ತಾರೆ. ಬರೆಯ ಮೂಲೆಯಲ್ಲಿ ಕಾಣುವುದು 40–45 ಮೀಟರ್ ಇದ್ದರೆ ಎರಡು ಸೆಕೆಂಡ್. ಆ ಒಂದು ನಿಮಿಷ ಉಳಿಸಿಕೊಡಲು ಈ ಎರಡು ಸೆಕೆಂಡಿನಲ್ಲಿ ನೀವು ಯಾಕೆ ನಿಲ್ಲಬೇಕು? ರಸ್ತೆಗೆ ನಿಮ್ಮದೂ ಹಕ್ಕಿದೆ. ಆ ನಿಮಿಷ ಅವರು ಕಾಯಲಿ. ಅದು ತೊಂದರೆ ಅಲ್ಲ, ರಸ್ತೆ ಹಂಚಿಕೊಳ್ಳುವುದು ಅಂದರೆ ಅದೇ.

ದಾರಿ ಬಿಡಲೇಬಾರದು ಅಂತಲ್ಲ. ಹಿಂದೆ ನಾಲ್ಕೈದು ವಾಹನ ಸಾಲು ನಿಂತಿದ್ದರೆ, ಎಸ್ಟೇಟ್ ಗೇಟೋ ಬಸ್ ಸ್ಟಾಪೋ ಬಂದಾಗ ಪೂರ್ತಿ ರಸ್ತೆ ಬಿಟ್ಟು ಇಳಿದು ನಿಂತುಬಿಡಿ. ಎಲ್ಲರೂ ಹೋಗಲಿ, ನೀವೂ ಒಂದು ಗುಟುಕು ನೀರು ಕುಡಿಯಿರಿ. ನಿಂತು ದಾರಿ ಕೊಡಿ, ತುಳಿಯುತ್ತಾ ಕೊಡಬೇಡಿ. ಕೈ ಮಾತ್ರ ಯಾವತ್ತೂ ಆಡಿಸಬೇಡಿ. ತಿರುವಿನಲ್ಲಿ ನುಗ್ಗಲು ನೋಡುವವರಿಗೆ ಬಲ ಅಂಗೈ ಹಿಂದಕ್ಕೆ ತೋರಿಸಿ 'ತಡಿ' ಅಂತ ಒಂದು ಕ್ಷಣ ಹೇಳಿ, ತಕ್ಷಣ ಕೈ ವಾಪಸ್ ಹ್ಯಾಂಡಲ್‌ಗೆ. ನಮ್ಮ ಬಸ್ ಡ್ರೈವರ್‌ಗಳು, ಪಿಕಪ್ ಓಡಿಸುವವರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ತಿರುವಿನಲ್ಲಿ ಅವರು ಹೊಡೆಯುವ ಸಣ್ಣ ಹಾರ್ನ್ 'ಬರ್ತಿದ್ದೀನಿ' ಅಂತ, ಅದಕ್ಕೆ ಗಾಬರಿ ಬೇಡ. ಉದ್ದದ ಹಾರ್ನ್‌ಗೂ ಗಾಬರಿ ಬೇಡ, ಅದಕ್ಕೆ ಗಾಬರಿಯಾಗಿಯೇ ನಾನು ಬಿದ್ದದ್ದು.

ಕ್ಯಾಮೆರಾ, ದುಬಾರಿ ಹೆಲ್ಮೆಟ್, ಕಾರ್ಬನ್ ಸೈಕಲ್ ಬಗ್ಗೆ ಬೇರೆ ಉತ್ತರಗಳಲ್ಲಿ ಬೇಕಾದಷ್ಟು ಬರೆದಿರುತ್ತಾರೆ. ಹೆಲ್ಮೆಟ್ ಹಾಕಿ, ಅದರಲ್ಲಿ ಎರಡು ಮಾತಿಲ್ಲ. ಉಳಿದ ದುಡ್ಡಿನಲ್ಲಿ ಮೊದಲು ಹ್ಯಾಂಡಲ್‌ನ ಬಲ ತುದಿಗೆ ಒಂದು ಕನ್ನಡಿ ಹಾಕಿಸಿ. ಹಿಂದೆ ಬರುವುದು ಕಂಡರೆ ಅರ್ಧ ಭಯ ಹೋಗುತ್ತದೆ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯಲಿ. ಜುಲೈನಲ್ಲಿ ಮಂಜು ಕವಿದರೆ ಬೆಳಗ್ಗೆ ಹತ್ತಕ್ಕೂ ಹತ್ತಿಪ್ಪತ್ತು ಮಾರು ಆಚೆ ಕಾಣದ ದಿನಗಳಿವೆ. ರೈನ್‌ಕೋಟ್ ಹಳದಿ ಇರಲಿ. ನಮ್ಮ ಕಡೆ ಜನ ಹಾಕುವ ಕಪ್ಪು ರೈನ್‌ಕೋಟ್ ಮಳೆಯಲ್ಲಿ ಮರದ ಬುಡದ ಹಾಗೇ ಕಾಣುತ್ತದೆ.

ಏನಾದರೂ ಆದರೆ, ಆಗದಿರಲಿ, 108ಕ್ಕೆ ಇಲ್ಲವೇ 112ಕ್ಕೆ ಫೋನ್ ಮಾಡಿ, ವಾಹನದ ನಂಬರ್ ಫೋಟೋ ತೆಗೆಸಿ. ಆಸ್ಪತ್ರೆಯಲ್ಲಿ ರಸ್ತೆ ಅಪಘಾತ ಅಂತಲೇ ಬರೆಸಿ. 'ಸೈಕಲ್‌ನಿಂದ ಬಿದ್ದೆ' ಅಂತ ಬರೆಸಿದರೆ ಮುಂದೆ ಕಷ್ಟ. ಎಫ್‌ಐಆರ್ ಆಗದೆ ರಾಜಿ ಮಾತು ಬೇಡ. ಪರಿಹಾರದ ಅರ್ಜಿಗೆ ಈಗ ಕಾನೂನಿನಲ್ಲಿ ಆರು ತಿಂಗಳ ಗಡುವು ಇದೆ, ತಡ ಮಾಡಬೇಡಿ. ಗುದ್ದಿದವರು ನಿಲ್ಲಿಸದೆ ಹೋಗಿ ಪತ್ತೆಯೇ ಆಗದಿದ್ದರೂ 2022ರಿಂದ ಕೇಂದ್ರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಜೀವ ಹೋದರೆ ಮನೆಯವರಿಗೆ 2 ಲಕ್ಷ ರೂಪಾಯಿ ಇದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಹೇಳಿದೆ. ಬಿದ್ದವರನ್ನು ಎತ್ತಲು ಬಂದವರನ್ನು ಪೊಲೀಸರು ಸಾಕ್ಷಿಗೆ ಬಾ ಅಂತ ಬಲವಂತ ಮಾಡುವ ಹಾಗಿಲ್ಲ. ನನಗೆ ಟವೆಲ್ ಕಟ್ಟಿದ ಅಕ್ಕ ಪೊಲೀಸ್ ಅಂದಕೂಡಲೇ ಹೆದರಿ ತೋಟದೊಳಗೆ ಹೋಗಿಬಿಟ್ಟರು. ಅವರಿಗೂ ಇದು ಗೊತ್ತಿರಲಿಲ್ಲ. ಟವೆಲ್ ಒಗೆದು ವಾಪಸ್ ಕೊಡಲು ಎರಡು ಸಲ ಆ ತೋಟಕ್ಕೆ ಹೋದೆ, ಸಿಗಲಿಲ್ಲ.

ನಾನು ಮೂರು ತಿಂಗಳ ಮೇಲೆ ಮತ್ತೆ ಸೈಕಲ್ ಹತ್ತಿದೆ. ಈಗಲೂ ವಾರಕ್ಕೆ ನಾಲ್ಕು ದಿನ ಹೋಗುತ್ತೇನೆ. ಆ ತಿರುವಿನಲ್ಲಿ ನನ್ನ ಬದಿಯ ಮಧ್ಯದಲ್ಲೇ ಏರುತ್ತೇನೆ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಮಾತ್ರ ಸೈಕಲ್ ಮನೆಯಲ್ಲೇ ಇರುತ್ತದೆ.

ನಿಮ್ಮದು ಕುಶಾಲನಗರದಿಂದ, ಅಂದರೆ ಗುಡ್ಡೆಹೊಸೂರು ದಾಟಿ ಆನೆಕಾಡು ಸಿಗುತ್ತದೆ. ಅಲ್ಲಿ ಬೆಳಕು ಹರಿಯುವ ಮೊದಲು ಹೋಗಬೇಡಿ, ಆನೆ ರಸ್ತೆ ದಾಟುವ ಜಾಗ ಅದು. ಮೊದಲ ಸಲ ಒಂದು ಮಂಗಳವಾರವೋ ಬುಧವಾರವೋ ಹೊರಡಿ. ಸುಂಟಿಕೊಪ್ಪದವರೆಗೆ ಬಂದು ಕಾಫಿ ಕುಡಿದು ವಾಪಸ್ ಹೋಗಿ, ಆ ದಿನಕ್ಕೆ ಅಷ್ಟು ಸಾಕು. ಮಡಿಕೇರಿಯವರೆಗೆ ಹೋಗುವ ದಿನ ಮೊದಲೇ ಇಲ್ಲಿ ಬರೆಯಿರಿ. ಸುಂಟಿಕೊಪ್ಪದಿಂದ ನಾನೂ ಜೊತೆಗೆ ಬರುತ್ತೇನೆ, ನಿಮ್ಮ ಹಿಂದೆ ಇರುತ್ತೇನೆ.