ಪರಿಹಾರದ ದುಡ್ಡು ತಗೊಂಡರೆ ಹಕ್ಕು ಹೋಗುತ್ತದಾ?

ಪ್ರಶ್ನೆ: ತುರುವೇಕೆರೆ ಕಡೆ ನಮ್ಮದು 3 ಎಕರೆ ತೆಂಗಿನ ತೋಟ. ನಾಲೆಗೆ ಅಂತ 22 ಗುಂಟೆ ಹೋಗಿದೆ. 2013ರ ಭೂಸ್ವಾಧೀನ ಕಾಯ್ದೆಯಡಿ ಐತೀರ್ಪು (ಪರಿಹಾರ ಇಷ್ಟು ಅಂತ ನಿಗದಿ ಮಾಡುವ ಆದೇಶ) ಆಗಿ ಹತ್ತು ದಿನ ಆಯಿತು, ಆವತ್ತು ನಾನೂ ಹಾಜರಿದ್ದೆ. ಮೊತ್ತ ತೀರಾ ಕಡಿಮೆ. ಆದರೆ ದುಡ್ಡು ತಗೊಂಡರೆ ಮುಂದೆ ಏನೂ ಕೇಳೋ ಹಾಗಿಲ್ಲ ಅಂತಾರೆ ಊರಲ್ಲಿ. ಮಗಳ ಮದುವೆ ಇದೆ. ಏನು ಮಾಡಲಿ?

ಉತ್ತರ: ದುಡ್ಡು ತಗೊಳ್ಳಿ, ಮದುವೆ ಮಾಡಿ. ಆದರೆ ಸುಮ್ನೆ ಸಹಿ ಹಾಕಿ ಬರಬೇಡಿ. ರಸೀದಿಯಲ್ಲಿ ಸಹಿಯ ಮೇಲೆ ನಿಮ್ಮ ಕೈಯಾರೆ ಒಂದು ಸಾಲು ಬರೆಯಿರಿ: ‘ಈ ಮೊತ್ತ ಸಾಲದು, ನನ್ನ ಆಕ್ಷೇಪಣೆ ಉಳಿಸಿಕೊಂಡು ಪಡೆದಿದ್ದೇನೆ.’ ಊರವರು ಹೇಳಿದ್ದು ಅರ್ಧ ನಿಜ. ಕಾಯ್ದೆಯ 77ನೇ ಕಲಮಿನ ಪ್ರಕಾರ ಆಕ್ಷೇಪಣೆ ಇಲ್ಲದೆ ದುಡ್ಡು ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ, ಆಕ್ಷೇಪಣೆ ಬರೆದವರಿಗೆ ಇಲ್ಲ. ಈ ಒಂದು ಸಾಲು ಬರೆಯದೆ ಕೈಚೆಲ್ಲಿದವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ‘ಒಪ್ಪಂದ’, ‘ಒಪ್ಪಿಗೆ’ ಅನ್ನುವ ಮಾತಿರುವ ಕಾಗದ ಮುಂದಿಟ್ಟರೆ ಮಾತ್ರ ಪೂರ್ತಿ ಓದದೆ ಪೆನ್ನು ಮುಟ್ಟಬೇಡಿ.

ಆಮೇಲೆ ಲೆಕ್ಕ ನೋಡಿ. ಐತೀರ್ಪಿನ ನಕಲು ತಗೊಂಡು ಬನ್ನಿ. ಅಧಿಸೂಚನೆಗೆ ಹಿಂದಿನ 3 ವರ್ಷ ನಿಮ್ಮ ಊರಲ್ಲಿ ಅಥವಾ ಅಕ್ಕಪಕ್ಕದಲ್ಲಿ ಇಂಥದೇ ಜಮೀನಿಗೆ ಆದ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆ ಇರುವ ಅರ್ಧದಷ್ಟು ಪತ್ರಗಳನ್ನು ತೆಗೆದುಕೊಂಡು ಅವುಗಳ ಬೆಲೆಯ ಸರಾಸರಿ ಮಾಡಬೇಕು, ಸರ್ಕಾರಿ ಮಾರ್ಗಸೂಚಿ ದರ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಹಿಡಿಯಬೇಕು. ಹಳ್ಳಿ ಜಮೀನಾದರೆ ಅದಕ್ಕೆ 1ರಿಂದ 2ರವರೆಗಿನ ಗುಣಕ. ಜಮೀನಿಗೆ ಹೀಗೆ 7.5 ಲಕ್ಷ, ಮರ ಬೋರ್‌ವೆಲ್‌ಗೆ 2.5 ಲಕ್ಷ ಬಂತು ಅಂದುಕೊಳ್ಳಿ, ಒಟ್ಟು 10 ಲಕ್ಷ, ಅದರ ಮೇಲೆ ಅಷ್ಟೇ ಸೊಲೇಷಿಯಂ (ಬಲವಂತವಾಗಿ ಜಮೀನು ಹೋದದ್ದಕ್ಕೆ ಕೊಡುವ ಹೆಚ್ಚುವರಿ ಮೊತ್ತ) ಸೇರಿ 20 ಲಕ್ಷ. ಇದಲ್ಲದೆ ಜಮೀನಿನ ಬೆಲೆಗೆ ವರ್ಷಕ್ಕೆ ಶೇ. 12ರ ಮೊತ್ತ ಬೇರೆ.

ಸಾಮಾನ್ಯವಾಗಿ ಏಟು ಬೀಳೋದು ಮರಗಳ ಲೆಕ್ಕದಲ್ಲೇ. ಜಂಟಿ ಅಳತೆ ಮಾಡಿದ ದಿನದ ಮಹಜರು ತೆಗೆಸಿ, ಫಸಲು ಬಿಡುವ ತೆಂಗು ಎಷ್ಟು ಬರೆದಿದ್ದಾರೆ, ಬದುವಿನ ಹಲಸು, ಪೈಪ್‌ಲೈನ್ ಬಂದಿದೆಯಾ ಅಂತ ಒಂದೊಂದಾಗಿ ನೋಡಿ. ಪಹಣಿಯಲ್ಲಿ ರಾಗಿ ಅಂತಲೇ ಇದ್ದರೆ ತೋಟದ ಹಳೇ ಫೋಟೋ, ಕರೆಂಟ್ ಬಿಲ್ ಎಲ್ಲ ಹುಡುಕಿಡಿ.

ನೀವು ಹಾಜರಿದ್ದಿರಲ್ವಾ, ಹಾಗಾಗಿ ಐತೀರ್ಪಿನ ದಿನದಿಂದ 6 ವಾರದೊಳಗೆ ಹೆಚ್ಚಿನ ಪರಿಹಾರ ಕೇಳಿ 64ನೇ ಕಲಮಿನಡಿ ಲಿಖಿತ ಅರ್ಜಿ ಕೊಡಬೇಕು. ಹತ್ತು ದಿನ ಆಗಲೇ ಹೋಗಿದೆ. ಭೂಸ್ವಾಧೀನಾಧಿಕಾರಿ ಕಚೇರಿಗೆ ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಬಿದ್ದ ಮೇಲೇ ಅಲ್ಲಿಂದ ಹೊರಡಿ.