ಫೀ ಆಮೇಲೆ, ಮೊದಲು ಬೋರಿನ ನೀರು ನೋಡಿ

ತೋಟಗಾರಿಕೆ ಓದಿದ್ದೀರಿ. ವಿಜಯಪುರದಲ್ಲಿ ದ್ರಾಕ್ಷಿ ಕನ್ಸಲ್ಟಂಟ್ ಆದರೆ ಎಕರೆಗೆ ಎಷ್ಟು ಫೀ ಕೇಳಬೇಕು, ವಾಟ್ಸಾಪ್‌ನಲ್ಲೇ ಎಷ್ಟು ತೋಟ ನೋಡಿಕೊಳ್ಳಬಹುದು ಅಂತ ಕೇಳಿದ್ದೀರಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಬಂದಾಗ ನನ್ನ ತಲೆಯಲ್ಲೂ ಇದೇ ಲೆಕ್ಕ ಇತ್ತು.

ಎರಡನೇ ವರ್ಷಕ್ಕೇ ತಿಕೋಟಾ ಸುತ್ತಮುತ್ತ 60 ಎಕರೆ ಹಿಡಿದಿದ್ದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಮುಗಿದು ದ್ರಾಕ್ಷಿ ಕಾಳು ಉಬ್ಬುವ ಹೊತ್ತಿಗೆ ಒಬ್ಬ ರೈತರು ಫೋಟೊ ಕಳಿಸಿದರು. ಹಳೇ ಎಲೆ, ಅಂಚೆಲ್ಲ ಸುಟ್ಟ ಹಾಗೆ. ಪೊಟ್ಯಾಷ್ ಕೊರತೆ ಅಂದುಬಿಟ್ಟೆ. ಅವರಿಗೆ ಖರ್ಚು ಉಳಿಯಲಿ ಅಂತ ಎಸ್‌ಒಪಿ (ಸಲ್ಫೇಟ್ ರೂಪದ ಪೊಟ್ಯಾಷ್ ಗೊಬ್ಬರ) ಬಿಟ್ಟು, ಅಗ್ಗದ ಎಂಒಪಿಯನ್ನು (ಕ್ಲೋರೈಡ್ ರೂಪದ ಪೊಟ್ಯಾಷ್) ಡ್ರಿಪ್‌ನಲ್ಲಿ ಬಿಡಲು ಹೇಳಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಪ್ಪು ಜಾಸ್ತಿಯಾದರೂ ಎಲೆಯಂಚು ಹೀಗೇ ಸುಡುತ್ತದೆ. ಫೋಟೊದಲ್ಲಿ ಎರಡೂ ಒಂದೇ. ಅವರ ಬೋರಿನದು ಸವಳು ನೀರು. ನೀರಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ ಇ.ಸಿ. ದ್ರಾಕ್ಷಿಗೆ ನೀರಿನ ಇ.ಸಿ. 1 ದಾಟಿದರೆ ಇಳುವರಿ ಇಳಿಯತೊಡಗುತ್ತದೆ, ಅವರದು 2.8 ಇತ್ತು. ಎಂಒಪಿಯಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ ಇರುತ್ತದೆ. ಅಂದರೆ ಉಪ್ಪಿನಿಂದಲೇ ಸೊರಗಿದ್ದ ಬಳ್ಳಿಗೆ ನಾನು ಮತ್ತೆ ಉಪ್ಪು ಕುಡಿಸಿದೆ. ಆ ತೋಟ ನನ್ನ ರೂಮಿನಿಂದ 20 ನಿಮಿಷದ ದಾರಿ. ಹೋಗಿದ್ದರೆ ಡ್ರಿಪ್ಪರ್ ಸುತ್ತ ಕಟ್ಟಿದ್ದ ಬಿಳಿ ಪದರ ಕಣ್ಣಿಗೇ ಬೀಳುತ್ತಿತ್ತು. ಹೋಗಲಿಲ್ಲ.

ಹದಿನೈದು ದಿನಕ್ಕೆ ಫೋನ್ ಬಂತು. "ಸರ್, ನೀವು ಹೇಳಿದಂಗ ಬಿಟ್ಟೀನ್ರಿ. ಎಲಿ ಉದರಾಕ ಹತ್ಯಾವ." ಆ ವರ್ಷ ಕಾಳು ಉಬ್ಬಲಿಲ್ಲ, ಸಕ್ಕರೆ ಏರಲಿಲ್ಲ, ಒಣದ್ರಾಕ್ಷಿಗೂ ತೂಕ ಬರಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಹಾಗಾಗಿ ಫೀ ಪ್ರಶ್ನೆ ಈಗ ಬೇಡ. ವಾಟ್ಸಾಪ್ ಸಲಹೆ ಅಂತೂ ಬೇಡವೇ ಬೇಡ. ಫೋನ್‌ನಲ್ಲೇ ನೂರಾರು ಎಕರೆ ನೋಡುವವರಿದ್ದಾರೆ, ನಿಜ. ನಾನು ಅದನ್ನು ಒಪ್ಪುವುದಿಲ್ಲ. 20 ಎಕರೆ ಹಿಡಿಯಿರಿ, ಬೈಕ್ ಹತ್ತಿ ಹೋಗಿ. ಜೇಬಲ್ಲಿ ಇ.ಸಿ. ಮೀಟರ್ ಇರಲಿ. ಮಣ್ಣು, ನೀರನ್ನು ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಹೂ ಬಿಡುವಾಗ ಎಲೆತೊಟ್ಟು ಪರೀಕ್ಷೆ ಮಾಡಿಸಿ. ಕೊರತೆಯೋ ಉಪ್ಪೋ ಅಂತ ಅಲ್ಲೇ ಗೊತ್ತಾಗುತ್ತದೆ. ಗೊಬ್ಬರದಂಗಡಿ ಕಮಿಷನ್ ಮುಟ್ಟಬೇಡಿ.

ಆ ರೈತರು ಆಮೇಲೆ ಕೃಷಿ ಹೊಂಡ ತೆಗೆಸಿದರು. ಮಳೆನೀರನ್ನು ಬೋರಿನ ನೀರಿಗೆ ಬೆರೆಸಿ ಬಿಟ್ಟೆವು. ಎಲೆ ಕೊನೇವರೆಗೂ ಹಸಿರಾಗಿ ನಿಂತಿದ್ದು ಮೂರನೇ ವರ್ಷ. ಅಲ್ಲಿತನಕ ನಾನು ಅವರಿಂದ ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ. ಆ ಸಲ ಒಣದ್ರಾಕ್ಷಿ ಮಾರಿ ಬಂದವರು ತಾವೇ ಕರೆದು ಫೀ ಕೈಗಿಟ್ಟರು.